ಸೋಜರನ ರಕ್ತ

ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೂ ಬದಲಿಸದೆ, ನನ್ನ ಅಪ್ಪ ನನ್ನ ಎಡಗೈಯ ಮಣಿಕಟ್ಟು ಮುರಿದರು. ನನಗೆ ಒಂಬತ್ತು ವರ್ಷ. ಪಾದ್ರಿಗಳ ಪ್ರವಚನದ ಹೊತ್ತಿಗೆ ಪಕ್ಕದವನ ಜೊತೆ ನಕ್ಕಿದ್ದೆ. ಅಂಗಳಕ್ಕೆ ಕಾಲಿಡುವ ಮೊದಲೇ ಬೆಲ್ಟು ಬಿಚ್ಚಿದ್ದರು. ಮುಖಕ್ಕೆ ಅಡ್ಡ ಹಿಡಿದ ಕೈಗೆ ಬಕಲು ಬಿತ್ತು. ಟಕ್ ಎಂದು ಸದ್ದಾಯಿತು. ಆ ಸದ್ದು ನನ್ನೊಳಗಿಂದ ಬಂತೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಡಾಕ್ಟರ ಹತ್ತಿರ ಪೇರಳೆ ಮರದಿಂದ ಬಿದ್ದೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಪಾಠ ಮಾಡಿಸಿದರು. ನಾನು ತಪ್ಪಿಲ್ಲದೆ ಒಪ್ಪಿಸಿದೆ.

ಆ ಸಂಜೆ ಅಜ್ಜಿ ನನ್ನ ತಲೆ ಸವರುತ್ತ ಹೇಳಿದ ಮಾತು ಪ್ಲಾಸ್ಟರು ಬಿಚ್ಚಿದ ಮೇಲೂ ಉಳಿಯಿತು: "ಎಂತ ಮಾಡುದು ಮಗಾ, ಸೋಜರನ ರಕ್ತ ಅಲ್ವಾ."

ಸೋಜರ ಎಂದರೆ ಬ್ರಿಟಿಷರ ದಂಡಿನ ಬಿಳಿ ಸಿಪಾಯಿ. ಉಡುಪಿ ಕಡೆಯ ನಮ್ಮ ಇಗರ್ಜಿಯ ಕ್ರೈಸ್ತರಿಗೆಲ್ಲ ಪೋರ್ಚುಗೀಸರು ಕೊಟ್ಟ ಅಡ್ಡಹೆಸರುಗಳು. ನಮ್ಮ ಒಂದು ಮನೆಗೆ ಮಾತ್ರ ಐರಿಶ್ ಅಡ್ಡಹೆಸರು. ಮಂಗಳೂರಿಗೆ ಬಂದ ದಂಡಿನಿಂದ ಒಬ್ಬ ಐರಿಶ್ ಸೋಜರ ಬಂದೂಕು ಬಿಸಾಕಿ ಓಡಿ, ನಮ್ಮೂರಿನ ಹೆಣ್ಣನ್ನು ಮದುವೆಯಾಗಿ ನಿಂತನಂತೆ. ಅವನ ಮಗನ ಮಗನ ಮಗ ನನ್ನ ಅಜ್ಜ. ನಮ್ಮ ಮನೆಯಲ್ಲಿ ಯಾರ ಬಣ್ಣವೂ ಬಿಳಿಯಲ್ಲ, ಯಾರ ಕಣ್ಣೂ ನೀಲಿಯಲ್ಲ. ಹಾಗಾದರೆ ಸೋಜರನಿಂದ ನಮಗೆ ಬಂದದ್ದಾದರೂ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: ಸಿಟ್ಟು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅಜ್ಜ ಮಣ್ಣು ತಟ್ಟುವ ಮರದ ಹಲಗೆಯಿಂದ ಅಜ್ಜಿಗೆ ಹೊಡೆಯುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಗುಮಾಸ್ತರಾದ ಅಪ್ಪ ಒಂದು ಮೆಟ್ಟಿಲು ಮೇಲೆ ಹೋದವರು, ಬೆಲ್ಟು ಹಿಡಿದರು. ಊರಿನವರು ಹೆದರುತ್ತಿದ್ದರು, ಸ್ವಲ್ಪ ಗೌರವವನ್ನೂ ಕೊಡುತ್ತಿದ್ದರು. ಪೆಟ್ಟು ತಿಂದ ನನಗೂ ಒಳಗೊಳಗೇ ಜಂಬವಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇತ್ತು.

ನಾನು ಕತಾರಿಗೆ ಬಂದು ಹದಿನೆಂಟು ವರ್ಷವಾಯಿತು. ಮನೆ ಅಲ್ ಖೋರ್‌ನಲ್ಲಿ, ಕೆಲಸ ರಾಸ್ ಲಫಾನ್‌ನಲ್ಲಿ. ನಡುವೆ ದಿನಾ ಕಂಪನಿ ಬಸ್ಸು. ಡಾಕ್ಯುಮೆಂಟ್ ಕಂಟ್ರೋಲರ್ ಎಂಬುದು ನನ್ನ ಹುದ್ದೆಯ ಹೆಸರು. ಒಂದು ನಕ್ಷೆ ಹತ್ತು ಸಲ ತಿದ್ದುಪಡಿಯಾಗಿ ಹತ್ತು ಪ್ರತಿಗಳಾಗುತ್ತದೆ. ಯಾವುದು ಮೂಲ, ಯಾವುದು ರದ್ದಾದದ್ದು, ನಕಲು ಮಾಡುವಾಗ ಯಾರು ಯಾವ ಅಂಕಿ ಬಿಟ್ಟರು ಎಂದು ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ಒಂದು ಚುಕ್ಕಿ ತಪ್ಪಿದರೂ ಹಿಡಿಯುತ್ತೇನೆಂಬ ಹೆಸರಿದೆ.

ಹೆಂಡತಿ ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿದ್ದಳು. ನಮಗೆ ಒಬ್ಬಳೇ ಮಗಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅದನ್ನು ಇಲ್ಲಿ ನಮ್ಮೂರ ಕನ್ನಡಕ್ಕೆ ತಂದಿದ್ದೇನೆ. ಮಗಳ ಮಾತಿನಲ್ಲಿ ಅರ್ಧಕ್ಕರ್ಧ ಶಾಲೆಯ ಇಂಗ್ಲಿಷೇ.

ಅವಳಿಗೆ ಮೊದಲ ಸಲ ಹೊಡೆದಾಗ ಅವಳಿಗೆ ಏಳು ವರ್ಷ. ಕಾರಣ ನೆನಪಿಲ್ಲ. ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದು ನೆನಪಿದೆ, ಆ ಬೆರಳುಗಳು ಕೆನ್ನೆಗಿಂತ ದೊಡ್ಡವಾಗಿದ್ದವು. ಮುಂದೆ ಕಾರಣಗಳು ಸುಲಭವಾಗಿ ಸಿಕ್ಕವು. ಗಣಿತದ ಅಂಕ, ತಟ್ಟೆಯಲ್ಲಿ ಬಿಟ್ಟ ಮೀನು, ಮುಚ್ಚದ ಬಾಗಿಲು. ಒಂದು ಸಲ ಸೌಟಿನಿಂದ ಹೊಡೆದೆ, ಒಂದು ಸಲ ಮೊಬೈಲ್ ಚಾರ್ಜರಿನ ವಯರಿನಿಂದ. ನಡುವೆ ಬಂದ ಹೆಂಡತಿಯನ್ನು ಗೋಡೆಗೆ ತಳ್ಳಿದ್ದೂ ಉಂಟು. ಆಮೇಲೆ ಸೋಫಾದಲ್ಲಿ ಕೂತು ತಲೆ ಹಿಡಿದುಕೊಂಡು ಅಜ್ಜಿಯ ವಾಕ್ಯವನ್ನೇ ಹೇಳುತ್ತಿದ್ದೆ. ಎಂತ ಮಾಡುದು, ಸೋಜರನ ರಕ್ತ.

ಚಾರ್ಜರಿನ ದಿನ ಹೆಂಡತಿ ಮಗಳ ತೊಡೆಗೆ ಐಸ್ ಹಿಡಿದುಕೊಂಡು ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಬಸ್ಸಲ್ಲಿ ನಿಮ್ಮ ಅಮ್ಮನ ಹೆಸರು ಎತ್ತಿ ಬೈದನಲ್ಲ ಒಬ್ಬ, ಸೀಟಿಗೆ ಜಗಳ ಮಾಡಿ. ಅವನಿಗೆ ಎಷ್ಟು ಪೆಟ್ಟು ಕೊಟ್ರಿ?"

ಕೊಟ್ಟಿರಲಿಲ್ಲ. ಬೈಗುಳ ನುಂಗಿಕೊಂಡು ಕಿಟಕಿಯ ಆಚೆ ಮರಳು ನೋಡಿದ್ದೆ.

"ನಿಮ್ಮ ಮ್ಯಾನೇಜರು ಫೈಲು ಮುಖಕ್ಕೆ ಎಸೆದನಲ್ಲ. ಅವನಿಗೆ?"

ಅದನ್ನು ಬಗ್ಗಿ ಹೆಕ್ಕಿ ಕೊಟ್ಟಿದ್ದೆ. ಇಲ್ಲಿ ಕೈ ಎತ್ತಿದರೆ ಪೊಲೀಸು, ಕೇಸು, ವೀಸಾ ಖಲಾಸ್. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

"ಹದಿನೆಂಟು ವರ್ಷದಲ್ಲಿ ಹೊರಗೆ ಒಬ್ಬನಿಗೆ ಒಂದು ಪೆಟ್ಟು ಕೊಟ್ಟವರಲ್ಲ ನೀವು. ಈ ನಿಮ್ಮ ರಕ್ತಕ್ಕೆ ಕತಾರಿನ ಕಾನೂನು ಚೆಂದ ಗೊತ್ತುಂಟು ಮಾರಾಯ್ರೆ."

ನನಗೆ ಅವಳಿಗೂ ಒಂದು ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಯಾಕೆಂದರೆ ಅವಳು ಆಗ ನನ್ನ ಮುಖವನ್ನೇ ನೋಡುತ್ತಿದ್ದಳು. "ಕೇಳಿ. ಇನ್ನೊಂದು ಸಲ ಅವಳ ಮೇಲೆ ಕೈ ಮಾಡಿದ್ರೆ ನಾನು ಅವಳನ್ನು ಕರ್ಕೊಂಡು ಊರಿಗೆ ಹೋಗ್ತೇನೆ. ಆಮೇಲೆ ನಿಮಗೆ ಮಗಳು ಫೋನಲ್ಲಿ ಮಾತ್ರ." ಕೂಗಲಿಲ್ಲ, ಅಳಲಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರರ ಸಮಯ ಹೇಳುವ ದನಿಯಲ್ಲೇ ಹೇಳಿದಳು.

ಅದೇ ಚಳಿಗಾಲದಲ್ಲಿ ನಮ್ಮ ಆಫೀಸಿಗೆ ಒಬ್ಬ ಐರಿಶ್ ಎಂಜಿನಿಯರ್ ಬಂದ. ಅರುವತ್ತರ ಹತ್ತಿರದ ಮನುಷ್ಯ, ಬಿಸಿಲಿಗೆ ಕೆಂಪಾದ ಬೋಳುತಲೆ. ಅವನ ಅಡ್ಡಹೆಸರು ನಮ್ಮದೇ. ಮೊದಲ ಹೆಸರಿನ ಅಕ್ಷರವೂ ಒಂದೇ ಆದ್ದರಿಂದ ಅವನಿಗೆ ಹೋಗಬೇಕಾದ ಮೇಲ್‌ಗಳು ನನಗೂ ನನಗೆ ಬರಬೇಕಾದ ಬೈಗುಳಗಳು ಅವನಿಗೂ ಹೋಗತೊಡಗಿದವು. ನಾನು ಹಿಗ್ಗಿಹೋದೆ. ಪ್ಯಾಂಟ್ರಿಯಲ್ಲಿ ಚಹಾ ಹಾಕಿಕೊಳ್ಳುತ್ತಿದ್ದವನ ಮುಂದೆ ನಿಂತು ಸೋಜರನ ಕತೆಯನ್ನೆಲ್ಲ ಹೇಳಿ, "ನಾವು ಒಂದೇ ರಕ್ತ" ಎಂದೆ. ಅವನು ನನ್ನ ಕಪ್ಪು ಮುಖವನ್ನು ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. "ಹಾಗಾದರೆ ನಿನಗೂ ನನ್ನ ಪಾಡೇ" ಎಂದ.

ಅಂದಿನಿಂದ ಚಹಾದ ಹೊತ್ತಿಗೆ ಅವನು ಅಡ್ಡಹೆಸರಿನ ಚರಿತ್ರೆ ಹೇಳತೊಡಗಿದ. ಹಿಂದೆ ಅದರ ಮುಂದೆ ಒಂದು ‘ಓ’ ಇತ್ತಂತೆ; ಇಂಥವನ ಮೊಮ್ಮಗ, ಇಂಥವನ ವಂಶದವ ಎಂದು ಅರ್ಥ. ಇಂಗ್ಲಿಷರ ಆಳ್ವಿಕೆಯಲ್ಲಿ ‘ಓ’ ಇಟ್ಟುಕೊಂಡವನಿಗೆ ಕೆಲಸ ಸಿಗುವುದು ಕಷ್ಟವಾಗಿ ಎಷ್ಟೋ ಮನೆಗಳು ಅದನ್ನು ಬಿಟ್ಟವು. ಹೆಸರಿನ ಅರ್ಥದಲ್ಲೂ ಪಂಡಿತರಿಗೆ ಜಗಳ. ಕೆಲವರು ಯುದ್ಧ ಎನ್ನುತ್ತಾರೆ, ಕೆಲವರು ಇಗರ್ಜಿಗೆ ಪದೇ ಪದೇ ಹೋಗುವವ ಎನ್ನುತ್ತಾರೆ. "ನನ್ನ ಅಪ್ಪ ಮೊದಲನೇ ಅರ್ಥವನ್ನು ನಂಬಿದ್ದ" ಎಂದ.

ಅವನ ಮುತ್ತಜ್ಜನ ಅಪ್ಪ ಬಾಡಿಗೆ ಕಟ್ಟಲಾಗದ ಒಕ್ಕಲು. ಆಲೂಗಡ್ಡೆ ಬೆಳೆ ಕೊಳೆತು ಬರ ಬಂದ ವರ್ಷಗಳಲ್ಲಿ ಧಣಿಯ ಕಡೆಯವರು ಸಿಪಾಯಿಗಳ ಜೊತೆ ಬಂದು, ಮೂರು ಕಂಬಗಳ ನಡುವೆ ಒಂದು ದೊಡ್ಡ ತೊಲೆಯನ್ನು ತೂಗುಬಿಟ್ಟು, ಅದನ್ನು ಬೀಸಿ ಬೀಸಿ ಗೋಡೆಗೆ ಬಡಿದು ಮನೆ ಕೆಡವಿದರಂತೆ. ಹುಲ್ಲಿನ ಮಾಡಿಗೆ ಬೆಂಕಿ ಇಟ್ಟರಂತೆ. ಒಳಗೆ ಹಾಸಿಗೆ ಹಿಡಿದಿದ್ದ ಮುದುಕಿಯನ್ನು ಹಾಸಿಗೆ ಸಮೇತ ಎಳೆದು ರಸ್ತೆಯಲ್ಲಿ ಹಾಕಿದರು, ಅವಳು ಅಲ್ಲೇ ಸತ್ತಳು. ಆ ಒಕ್ಕಲಿನ ಗಂಡುಮಕ್ಕಳಲ್ಲಿ ಒಬ್ಬ ಅಮೆರಿಕದ ಹಡಗು ಹತ್ತಿ ದಾರಿಯಲ್ಲೇ ಜ್ವರ ಬಂದು ಸಮುದ್ರದ ಪಾಲಾದ. ಇನ್ನೊಬ್ಬ ಆಸ್ಟ್ರೇಲಿಯಾಕ್ಕೆ ಹೋದ. ಮತ್ತೊಬ್ಬ, ಯಾರು ಮನೆ ಸುಟ್ಟರೋ ಅವರದೇ ದಂಡಿಗೆ, ಹೊಟ್ಟೆಗೆ ಸಿಗುತ್ತದೆಂದು ಸೇರಿಕೊಂಡ.

"ನಿನ್ನ ಸೋಜರನೂ ಹಾಗೇ ಬಂದಿರಬೇಕು. ನಮ್ಮ ಬಡವರು ತುಂಬ ಜನ ನಿಮ್ಮ ದೇಶಕ್ಕೆ ಹಾಗೆಯೇ ಹೋದರು. ದಂಡಿನಲ್ಲಿ ತಪ್ಪು ಮಾಡಿದರೆ ಕಂಬಕ್ಕೆ ಕಟ್ಟಿ ಚಾವಟಿಯಲ್ಲಿ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಪೆಟ್ಟು ತಿಂದವನು ಸಂಜೆ ತನಗಿಂತ ಕೆಳಗಿನವನನ್ನು ಹುಡುಕುತ್ತಿದ್ದ."

ಅವನ ಅಪ್ಪ ಅವನನ್ನು ಹಾಕಿಯಂಥ ಅವರ ಊರಿನ ಆಟದ ಕೋಲಿನಿಂದ ಹೊಡೆಯುತ್ತಿದ್ದನಂತೆ. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು ಎಂದು ತುಟಿ ಎತ್ತಿ ತೋರಿಸಿದ. "ಮತ್ತೆ ನೀನು?" ಎಂದು ಕೇಳಿದೆ. "ನನ್ನ ಮಗ ನನ್ನ ಹತ್ತಿರ ಮಾತಾಡದೆ ಹನ್ನೊಂದು ವರ್ಷವಾಯಿತು" ಎಂದ. ಚಹಾದ ಕಪ್ಪು ತೊಳೆದಿಟ್ಟು ಹೋದ. ಆ ಉತ್ತರ ನನಗೆ ಅರ್ಥವಾಗಿತ್ತು, ಆದರೂ ಅರ್ಥವಾಗದವನ ಹಾಗೆ ಇದ್ದುಬಿಟ್ಟೆ.

ಆ ದಿನಗಳಲ್ಲೇ ಮಗಳ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ನಿಮ್ಮ ಸರ್‌ನೇಮ್ ಎಲ್ಲಿಂದ ಬಂತು, ಚಾರ್ಟ್ ಮಾಡಿ ತನ್ನಿ. ಹದಿಮೂರು ವರ್ಷದ ಹುಡುಗಿ ತಾನಾಗಿ ನನ್ನ ಬಳಿ ಬಂದು ಕೂತದ್ದು ಎಷ್ಟೋ ತಿಂಗಳ ಮೇಲೆ. ನನಗೆ ಉತ್ಸಾಹ ಉಕ್ಕಿತು. ‘ಓ’ದ ಕತೆ, ಸುಟ್ಟ ಮನೆ, ಹಡಗು, ಚಾವಟಿ, ಅಜ್ಜನ ಹಲಗೆ, ಅಪ್ಪನ ಬೆಲ್ಟು, ಎಲ್ಲ ಹೇಳಿದೆ. ಅವಳು ಬರೆದುಕೊಂಡಳು. ಇನ್ನೂ ಗಟ್ಟಿ ಪುರಾವೆ ಇರಲಿ ಎಂದು ಊರಿನ ಪಾದ್ರಿಗಳಿಗೆ ವಾಟ್ಸಾಪ್ ಮಾಡಿ, ಸೋಜರನ ಮಗನ ಜ್ಞಾನಸ್ನಾನದ ದಾಖಲೆ ಹಳೆಯ ಪುಸ್ತಕದಲ್ಲಿ ಇದ್ದರೆ ಫೋಟೊ ಕಳಿಸಬೇಕೆಂದು ಬೇಡಿಕೊಂಡೆ. ನಮ್ಮ ಅಜ್ಜ ಅದನ್ನು ಒಮ್ಮೆ ನೋಡಿದ್ದರೆಂದು ಮನೆಯಲ್ಲಿ ಮಾತಿತ್ತು.

ಗುರುವಾರ ಸಂಜೆ ಕೆಲಸದಿಂದ ಬಂದಾಗ ಚಾರ್ಟು ಊಟದ ಮೇಜಿನ ಮೇಲೆ ಹರಡಿತ್ತು. ಚಂದದ ಮರ ಬರೆದಿದ್ದಳು. ತುದಿಯಲ್ಲಿ ಟೊಪ್ಪಿ ಹಾಕಿದ ಸೋಜರ, ಅವನ ಕೆಳಗೆ ಒಬ್ಬೊಬ್ಬರಾಗಿ ನಾವು. ಅವಳಿಗೆ ಕತೆ ಗೊತ್ತಿದ್ದ ಪ್ರತಿಯೊಬ್ಬ ಗಂಡಸಿನ ಪಕ್ಕದಲ್ಲೂ ಪುಟ್ಟ ಚಿತ್ರವಿತ್ತು. ಸೋಜರನ ಪಕ್ಕ ಚಾವಟಿ. ಅಜ್ಜನ ಪಕ್ಕ ಮರದ ಹಲಗೆ. ಅಪ್ಪನ ಪಕ್ಕ ಬೆಲ್ಟು, ಬಕಲಿನ ಸಮೇತ. ನನ್ನ ಪಕ್ಕ ಮೂರು: ಕೈ, ಸೌಟು, ಚಾರ್ಜರು. ಚಾರ್ಜರಿನ ಪಿನ್ನಿಗೂ ಬಣ್ಣ ಹಾಕಿದ್ದಳು.

"ಇದನ್ನು ಶಾಲೆಯಲ್ಲಿ ತೋರಿಸ್ತೀಯಾ?"

"ಸರ್‌ನೇಮ್ ಹಿಸ್ಟರಿ ಅಲ್ವಾ ಪಪ್ಪಾ. ನೀವೇ ಹೇಳಿದ್ದಲ್ವಾ, ಬ್ಲಡ್‌ನಲ್ಲಿ ಬರ್ತದೆ ಅಂತ."

ಅವಳು ಕುಚೋದ್ಯ ಮಾಡಿರಲಿಲ್ಲ. ಅದನ್ನು ಈಗ ಖಂಡಿತವಾಗಿ ಹೇಳಬಲ್ಲೆ. ಅವಳು ನನ್ನನ್ನು ನಂಬಿದ್ದಳು, ಅಷ್ಟೆ. ಆದರೆ ಆಗ ನನ್ನ ಕಿವಿಗೆ ಅದು ಅಣಕದಂತೆ ಕೇಳಿತು. ಜಡೆ ಹಿಡಿದು ಎಳೆದೆ, ಎಡಗಡೆಗೆ ಒಂದು, ಬಲಗಡೆಗೆ ಒಂದು ಕೊಟ್ಟೆ. ಮೂರನೆಯ ಏಟಿಗೆ ಅವಳು ಅಡುಗೆಕಟ್ಟೆಯ ಗ್ರಾನೈಟಿನ ಅಂಚಿಗೆ ಹೋಗಿ ಬಿದ್ದಳು. ಬಿದ್ದವಳನ್ನು ಎತ್ತಿ ಮತ್ತೆ ಹೊಡೆದೆ. ರಕ್ತ ನೋಡಿದ ಮೇಲೂ ಹೊಡೆದೆ. ಅವಳ ಹುಬ್ಬು ಸೀಳಿ ಬಿಳಿ ಎಲುಬು ಕಾಣುತ್ತಿತ್ತು, ರಕ್ತ ಕಣ್ಣಿನೊಳಗೆಲ್ಲ ಇಳಿದಿತ್ತು. ಹೆಂಡತಿ ಬಂದು ಪ್ರೆಶರ್ ಕುಕ್ಕರಿನ ಮುಚ್ಚಳದಿಂದ ನನ್ನ ಬೆನ್ನಿಗೆ ಬಾರಿಸದೆ ಇದ್ದಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತೋ ಗೊತ್ತಿಲ್ಲ. ಅವಳು ಎರಡು ಸಲ ಬಾರಿಸಿದಳು. ಎರಡನೆಯದು ಬೇಕಾಗಿರಲಿಲ್ಲ, ಆದರೆ ಅದು ಅವಳದೇ ಲೆಕ್ಕದ್ದು.

ಕಾರು ಓಡಿಸಿದ್ದು ನಾನೇ. ಹಿಂದಿನ ಸೀಟಿನಲ್ಲಿ ಟವೆಲು ಕೆಂಪಾಗುತ್ತ ಬಂತು. ಎಮರ್ಜೆನ್ಸಿಯಲ್ಲಿ ಮಲಯಾಳಿ ನರ್ಸು ಗಾಯ ನೋಡಿ, ಮಗಳ ತೋಳಿನ ಮೇಲಿನ ಹಳೆಯ ಗುರುತು ನೋಡಿ, ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದಳು, ಏನಾಯಿತು ಮೋಳೇ, ಅಂದರೆ ಮಗಳೇ, ಎಂದು. ಮಗಳು ಬಾಯಿ ಬಿಟ್ಟರೆ ಹತ್ತೇ ನಿಮಿಷದಲ್ಲಿ ಪೊಲೀಸರು ಬರುತ್ತಾರೆ.

"ಬಾತ್‌ರೂಮಲ್ಲಿ ಸ್ಲಿಪ್ ಆದೆ ಸಿಸ್ಟರ್" ಎಂದಳು. ತಡವರಿಸಲಿಲ್ಲ. ನಾನಂತೂ ಯಾವ ಪಾಠವನ್ನೂ ಮಾಡಿಸಿರಲಿಲ್ಲ.

ಹುಬ್ಬಿಗೆ ಆರು ಹೊಲಿಗೆ. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಹೇಳಿದಳು: "ನಾನು ಹೋಗ್ತೇನೆ ಅಂದಿದ್ದೆ. ಹೋಗುದಿಲ್ಲ ಅಂತ ತಿಳ್ಕೊಳ್ಬೇಡಿ. ಪರೀಕ್ಷೆ ಮುಗೀಲಿ ಅಂತ ಇವಳೇ ಕೇಳಿದ್ದಾಳೆ, ಅದಕ್ಕೆ ನಿಂತಿದ್ದೇನೆ. ಅಷ್ಟರಲ್ಲಿ ನೀವು ಬೇರೆ ಮನುಷ್ಯ ಆಗ್ತೀರಾದ್ರೆ ಆಗಿ. ಹೊಡೀಬೇಕಂತಿಲ್ಲ, ಕೈ ಎತ್ತಿದ್ರೂ ಸಾಕು, ಮತ್ತೆ ನಮಗೆ ಮಾತಿಲ್ಲ." ನಾನು ಆಗಲಿ ಎಂದೆ. ಬೇರೆ ಮನುಷ್ಯ ಆಗುವುದು ಹೇಗೆಂದು ತಿಳಿದಿದ್ದವನ ಹಾಗೆಯೇ ಎಂದೆ.

ವಾರ ಕಳೆದು ಪಾದ್ರಿಗಳ ಫೋಟೊ ಬಂತು. ಎರಡು ಪುಟಗಳು, ಹುಳ ತಿಂದ ಅಂಚು, ಲ್ಯಾಟಿನ್ ಬರಹ. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಅವರ ವಾಯ್ಸ್ ಮೆಸೇಜು ಕೇಳಿದೆ.

"ನೋಡು ಮಾರಾಯ, ನಿನ್ನ ಅಜ್ಜ ನೋಡಿದ್ದು ಎರಡನೇ ಪುಟ ಇರ್ಬೇಕು. ಅದು ಆಮೇಲೆ ನಕಲು ಮಾಡಿದ ಪುಸ್ತಕ. ಅದರಲ್ಲಿ ಹುಡುಗನ ಹೆಸರು, ಮತ್ತೆ ಎಫ್ ಅಂತ ಒಂದೇ ಅಕ್ಷರ, ಚುಕ್ಕಿ, ಆಮೇಲೆ ಸೋಜರನ ಅಡ್ಡಹೆಸರು. ಎಫ್ ಅಂದ್ರೆ ಫಿಲಿಯುಸ್, ಮಗ ಅಂತ ಎಲ್ರೂ ಓದ್ತಾರೆ, ಅದು ಸಹಜ. ಆದ್ರೆ ಮೂಲ ಪುಸ್ತಕ ನನಗೆ ಸಿಕ್ಕಿತು, ಅದು ಮೊದಲನೇ ಫೋಟೊ. ಅದರಲ್ಲಿ ಪೂರ್ತಿ ಬರೆದಿದ್ದಾರೆ. ಫಾಮುಲುಸ್. ಅಂದ್ರೆ ಆಳು. ಮಗ ಅಲ್ಲ ಮಾರಾಯ, ಸೋಜರನ ಮನೆಯ ಆಳು. ಸುಮಾರು ಆರು ವರ್ಷದ ಹುಡುಗ, ತಂದೆತಾಯಿ ಯಾರು ಗೊತ್ತಿಲ್ಲ, ಸೋಜರ ಸತ್ತ ಮೇಲೆ ಇಗರ್ಜಿಗೆ ತಂದು ಬಿಟ್ಟದ್ದು. ಗುರುತಿಗೆ ಒಂದು ಸಾಲು ಉಂಟು: ಬೆನ್ನಿನ ತುಂಬ ಚಾವಟಿಯ ಗಾಯದ ಕಲೆಗಳು. ಬೇಜಾರು ಮಾಡ್ಕೊಳ್ಬೇಡ ಆಯ್ತಾ."

ಹದಿನೆಂಟು ವರ್ಷ ಬೇರೆಯವರ ನಕಲಿನ ತಪ್ಪು ಹಿಡಿದವನು ನಾನು. ಎಫ್ ಚುಕ್ಕಿ. ಎರಡೂ ಪದ ಅದೇ ಅಕ್ಷರದಿಂದ ಶುರುವಾಗುತ್ತವೆ. ಯಾವನೋ ಅವಸರದ ಪಾದ್ರಿ ಶಾಯಿ ಉಳಿಸಿದ, ನಾವು ನಾಲ್ಕು ತಲೆಮಾರು ಅದರ ಮೇಲೆ ಮೀಸೆ ತಿರುವಿದೆವು. ನಮ್ಮ ಮೈಯಲ್ಲಿ ಸೋಜರನ ಒಂದು ಹನಿಯೂ ಇರಲಿಲ್ಲ. ಇದ್ದದ್ದು ಅವನ ಕೈಯಲ್ಲಿ ಏಟು ತಿಂದ ಆರು ವರ್ಷದ ಮಗುವಿನದು.

ಆ ದಿನ ಬಸ್ಸಿಳಿದು ಮನೆಗೆ ಹೋಗದೆ ಕಾರು ತೆಗೆದು ಅಲ್ ಶಮಾಲ್ ರಸ್ತೆಯಲ್ಲಿ ಸುಮ್ಮನೆ ಓಡಿಸಿದೆ. ರಸ್ತೆ ಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ಗುದ್ದಿದೆ, ಗೆಣ್ಣಿನ ಚರ್ಮ ಕಿತ್ತು ಬರುವ ತನಕ ಗುದ್ದಿದೆ. ಅವಮಾನವೋ ದುಃಖವೋ ತಿಳಿಯಲಿಲ್ಲ. ಆ ಮಗುವಿನ ಬೆನ್ನು ನೆನೆದು ಅತ್ತೆ. ನನ್ನ ಮಗಳ ಹುಬ್ಬು ನೆನೆದು ಅಳು ಬರಲಿಲ್ಲ, ಹೆದರಿಕೆಯಾಯಿತು. ಇಷ್ಟು ದಿನ ಹೊಡೆದಾಗಲೆಲ್ಲ ಬೆನ್ನ ಹಿಂದೆ ಒಬ್ಬ ಸೋಜರ ನಿಂತಿದ್ದ, ತಪ್ಪೆಲ್ಲ ಅವನ ತಲೆಗೆ ಹೋಗುತ್ತಿತ್ತು. ಈಗ ಕಾರಿನಲ್ಲಿ ನಾನೊಬ್ಬನೇ ಇದ್ದೆ.

ಮನೆಗೆ ಬಂದು ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಡಬಹುದಿತ್ತು. ಬೇರೆ ಮನುಷ್ಯ ಆಗುವುದಕ್ಕೆ ಇದೇ ಆರಂಭ ಎಂದು ಯೋಚಿಸಿದೆ. ಅವಳು ಹುಬ್ಬಿನ ಪಟ್ಟಿಯನ್ನು ಮುಟ್ಟಿಕೊಳ್ಳುತ್ತ ಕೇಳಿದಳು. ಚಾರ್ಟಿನ ಸೋಜರನನ್ನು ಅಳಿಸಿ ಅಲ್ಲಿ ಒಬ್ಬ ಸಣ್ಣ ಹುಡುಗನನ್ನು ಬರೆದಳು. ಅವನ ಪಕ್ಕದಲ್ಲಿ ಯಾವ ಚಿತ್ರ ಹಾಕಬೇಕೆಂದು ತಿಳಿಯದೆ ಪೆನ್ಸಿಲು ಹಿಡಿದು ಕೂತಳು.

"ಇವನೂ ದೊಡ್ಡವ ಆದ್ಮೇಲೆ ಹೊಡೀತಿದ್ನಾ ಪಪ್ಪಾ?"

"ಗೊತ್ತಿಲ್ಲ."

"ಹೊಡೆದಿರ್ಬೇಕು. ಅಲ್ದಿದ್ರೆ ನಿಮ್ಮ ತನಕ ಹೇಗೆ ಬರುದು?"

ಅವಳು ಚಾರ್ಟು ಸುರುಳಿ ಸುತ್ತಿ ಕಪಾಟಿನ ಹಿಂದೆ ಇಟ್ಟಳು. ಶಾಲೆಗೆ ಇಂಟರ್ನೆಟ್ಟಿನಿಂದ ತೆಗೆದ ಯಾವುದೋ ಎರಡು ಪುಟ ಕೊಟ್ಟಳು.

ಎರಡು ತಿಂಗಳು ನಾನು ಕೈ ಎತ್ತಲಿಲ್ಲ. ಸಿಟ್ಟು ಬಂದಾಗ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದೆ. ಹೆಂಡತಿ ಒಂದೆರಡು ಸಲ ನನ್ನ ತಟ್ಟೆಗೆ ತಾನೇ ಅನ್ನ ಬಡಿಸಿದಳು. ಮಗಳ ಹೊಲಿಗೆ ಬಿಚ್ಚಿದರು. ಹುಬ್ಬಿನ ನಡುವೆ ಕೂದಲು ಬಾರದ ಒಂದು ಗೆರೆ ಉಳಿಯಿತು. ಪರೀಕ್ಷೆಗಳು ಮುಗಿದವು. ಅವರು ಹೋಗುವುದಿಲ್ಲ ಎಂದು ನಾನು ನಂಬತೊಡಗಿದ್ದೆ.

ಒಂದು ಶುಕ್ರವಾರ ದೋಹಾದ ಅಬು ಹಮೂರಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ನಮ್ಮ ಕಡೆಯ ಮೂರು ಕುಟುಂಬಗಳನ್ನು ಊಟಕ್ಕೆ ಕರೆದುಕೊಂಡು ಬಂದೆವು. ‘ಸಾನ್ನ’ ಎಂಬ ನಮ್ಮ ಅಕ್ಕಿಯ ಇಡ್ಲಿ, ಕೋಳಿ ಸುಕ್ಕ, ಎಲ್ಲ ಮಾಡಿದ್ದಳು ಹೆಂಡತಿ. ಬಂದವರಲ್ಲಿ ಒಬ್ಬರು, ಬಹಳ ವರ್ಷದ ಪರಿಚಯ, ಮಗಳ ಹುಬ್ಬು ನೋಡಿ ತಮಾಷೆಗೆ, "ಎಂತ ಮಗಾ, ಯುದ್ಧಕ್ಕೆ ಹೋಗಿದ್ಯಾ? ಐರಿಶ್ ಸೋಜರನ ಮೊಮ್ಮಗಳು ಅಲ್ವಾ ನೀನು!" ಎಂದರು.

"ಅಲ್ಲ ಅಂಕಲ್" ಎಂದಳು ಮಗಳು. "ನಾವು ಐರಿಶ್ ಅಲ್ಲ. ನಾವು ಆ ಸೋಜರನ ಸರ್ವೆಂಟಿನ ಫ್ಯಾಮಿಲಿ. ಸರ್‌ನೇಮ್ ನಮ್ಮದಲ್ಲ. ರಿಜಿಸ್ಟರಲ್ಲಿ ಮಿಸ್ಟೇಕ್."

ಎಲ್ಲರೂ ಜೋರಾಗಿ ನಕ್ಕರು. "ಅಯ್ಯೋ, ಇಷ್ಟು ವರ್ಷ ನಮಗೆಲ್ಲ ಸೋಜರ ಸೋಜರ ಅಂತ ಹೆದರಿಸಿದ್ದೇ ಹೆದರಿಸಿದ್ದು ಇವರು!" ನಾನೂ ನಕ್ಕೆ. ಐಸ್‌ಕ್ರೀಮು ತಂದೆ. ಲಿಫ್ಟಿನ ತನಕ ಹೋಗಿ ಎಲ್ಲರನ್ನೂ ಕಳಿಸಿಕೊಟ್ಟೆ, ಮಕ್ಕಳ ಕೆನ್ನೆ ಚಿವುಟಿದೆ. ನೋಡಿ, ಅಷ್ಟು ಹೊತ್ತು ನನಗೆ ತಡೆದುಕೊಳ್ಳಲು ಆಯಿತು.

ಬಾಗಿಲು ಮುಚ್ಚಿದ ಮೇಲೆ ಸುಕ್ಕದ ಪಾತ್ರೆಯನ್ನು ಗೋಡೆಗೆ ಎಸೆದೆ. ನೀರುಳ್ಳಿ, ಮಸಾಲೆ ಗೋಡೆಯಿಂದ ಇಳಿಯತೊಡಗಿತು. "ಸರ್ವೆಂಟಾ? ಸರ್ವೆಂಟಾ ನಾನು?" ಎಂದು ಕೂಗುತ್ತ ಮಗಳ ಕಡೆ ಹೋದೆ, ಕೈ ತಲೆಗಿಂತ ಮೇಲಿತ್ತು.

ಅವಳು ಹಿಂದೆ ಸರಿಯಲಿಲ್ಲ. ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಮೊಬೈಲನ್ನು ನನ್ನ ಕಣ್ಣಿಗೆ ಕಾಣುವ ಹಾಗೆ ಎತ್ತಿ ಹಿಡಿದಳು. ಪರದೆಯಲ್ಲಿ ಪೊಲೀಸರ ನಂಬರು, ಒಂಬತ್ತು ಒಂಬತ್ತು ಒಂಬತ್ತು, ಒತ್ತಿ ಇಟ್ಟಿದ್ದಳು. ಹಸಿರು ಗುಂಡಿಯ ಮೇಲೆ ಹೆಬ್ಬೆರಳು.

"ಹೊಡೀರಿ ಪಪ್ಪಾ. ಈ ಸಲ ಬಾತ್‌ರೂಮ್ ಅಂತ ಹೇಳುದಿಲ್ಲ."

ನನ್ನ ಕೈ ನಿಂತಿತು. ಪ್ರೀತಿಯಿಂದ ನಿಂತಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದು ಸುಳ್ಳು. ಹೆದರಿಕೆಯಿಂದ ನಿಂತಿತು. ಮಗಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ. "ಕೂತ್ಕೊಳ್ಳಿ" ಎಂದಳು. ಕೂತೆ. ಹೆಂಡತಿ ಗೋಡೆಯನ್ನು ಒರೆಸಲು ಹೋಗಲಿಲ್ಲ. ಸ್ಟೂಲು ಹಾಕಿ ಹತ್ತಿ ಕಪಾಟಿನ ಮೇಲಿಂದ ಸೂಟ್‌ಕೇಸುಗಳನ್ನು ಇಳಿಸತೊಡಗಿದಳು.

ಬೇಸಿಗೆ ರಜೆಗೆಂದು ಹೋದವರು ಹಿಂತಿರುಗಲಿಲ್ಲ. ಮಗಳನ್ನು ಊರಿನ ಕಡೆಯ ಒಂದು ಶಾಲೆಗೆ ಸೇರಿಸಿದರು. ಒಂದು ದಿನ ಬೆಳಿಗ್ಗೆ ನಾನು ಸೈಟಿನಲ್ಲಿದ್ದಾಗ ಆ ಶಾಲೆಯ ಕ್ಲರ್ಕು ಫೋನ್ ಮಾಡಿದರು. "ಸರ್, ಅರ್ಜಿಯಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟಿದ್ದಾಳೆ ನಿಮ್ಮ ಮಗಳು. ಕೇಳಿದ್ರೆ ಅದು ನಮ್ಮದಲ್ಲ ಅಂತಾಳೆ. ಬರ್ತ್ ಸರ್ಟಿಫಿಕೇಟಲ್ಲಿ ಉಂಟಲ್ಲ? ತೆಗೀಬೇಕಾದ್ರೆ ಅಫಿದಾವಿತ್ ಬೇಕು, ತಂದೆಯ ಸಹಿ ಬೇಕು. ಎಂತ ಮಾಡುದು?"

ಕಾಗದ ಕಳಿಸಲು ಹೇಳಿದೆ. ಬಂದ ಮೇಲೆ ಮೂರು ಸಲ ಓದಿದೆ, ನನ್ನ ಕೆಲಸದ ಅಭ್ಯಾಸ. ಐರ್ಲೆಂಡಿನಿಂದ ಹೊರಟು, ಹಡಗು ಹತ್ತಿ, ಸತ್ತ ಸೋಜರನಿಂದ ಒಬ್ಬ ಅನಾಥ ಹುಡುಗನ ಬೆನ್ನಿಗಂಟಿಕೊಂಡು, ಹಂಚಿನ ಕಾರ್ಖಾನೆ ದಾಟಿ ಕತಾರಿನ ಮರಳಿನ ತನಕ ಬಂದಿದ್ದ ಹೆಸರು. ಅದನ್ನು ತೆಗೆಯುವ ಕಾಗದಕ್ಕೂ ಅದನ್ನೇ ಬರೆದು ಸಹಿ ಹಾಕಬೇಕಾಯಿತು. ಹಾಕಿದೆ.

ಭಾನುವಾರ ಮಗಳೇ ಫೋನ್ ಮಾಡಿದಳು, ತಿಂಗಳಾದ ಮೇಲೆ ಮೊದಲ ಸಲ. ಕಾಗದ ಸಿಕ್ಕಿತು, ಥ್ಯಾಂಕ್ಸ್ ಎಂದಳು. ಊಟ ಆಯಿತಾ ಎಂದು ಕೇಳಿದಳು. ಆಮೇಲೆ, "ಸಹಿ ಹಾಕುವಾಗ ಸಿಟ್ಟು ಬಂತಾ ಪಪ್ಪಾ?" ಎಂದಳು.

"ಬಂತು."

"ಮತ್ತೆ ಎಂತ ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಮಗಾ. ಸುಮ್ಮನೆ ಕೂತಿದ್ದೆ. ಯಾರಿಗೂ ಹೊಡೀಲಿಲ್ಲ."

ನನ್ನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತೋ ಏನೋ. ಅವಳು ಹೌದಾ ಎಂದಳು, ಮೆಲ್ಲಗೆ, ನನಗೆ ನೋವಾಗಬಾರದೆಂಬ ಹಾಗೆ.

"ಮನೆಯಲ್ಲಿ ಯಾರೂ ಇಲ್ವಲ್ಲ ಪಪ್ಪಾ" ಎಂದಳು.